ಚಿಕ್ಕ ವಿಮಾನದಲ್ಲಿ ಕೈ ರೇಡಿಯೋ: ಬ್ಯಾಗಿನಿಂದ ತೆಗೆದು ಮಾತಾಡುವ ತನಕ

ನನ್ನ ಹತ್ತಿರ ವಿಮಾನ ಹಾರಿಸುವುದನ್ನು ಕಲಿಯಲು ಬರುವ ಮಕ್ಕಳಲ್ಲಿ ಕೆಲವರ ಬ್ಯಾಗಿನಲ್ಲಿ ಒಂದು ಹ್ಯಾಂಡ್‌ಹೆಲ್ಡ್ ರೇಡಿಯೋ ಇರುತ್ತದೆ, ಅಂದರೆ ವಿಮಾನದ ರೇಡಿಯೋ ಕೆಟ್ಟರೆ ನೆಲದವರ ಜೊತೆ ಮಾತಾಡಲು ಒಂದು ಕೈ ರೇಡಿಯೋ. "ಬ್ಯಾಕಪ್‌ಗೆ ಇಟ್ಕೊಂಡಿದೀನಿ ಮೇಡಂ" ಅನ್ನುತ್ತಾರೆ. ಸರಿ, ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಿ, ಒಂದು ಕೈ ಕಂಟ್ರೋಲ್ ಮೇಲೇ ಇರಲಿ, ಇನ್ನೊಂದು ಕೈಯಲ್ಲಿ ಅದನ್ನು ತೆಗೆದು ಮಾತಾಡಿ ತೋರಿಸಿ ಅನ್ನುತ್ತೇನೆ. ಆಗ ಶುರುವಾಗುತ್ತದೆ ತಮಾಷೆ. ಬ್ಯಾಗು ಹಿಂದಿನ ಸೀಟಿನಲ್ಲಿದೆ. ಆಂಟೆನಾ ಬಿಚ್ಚಿ ಬೇರೆ ಜೇಬಿನಲ್ಲಿ ಇಟ್ಟಿದ್ದಾರೆ. ಕೀ ಲಾಕ್ ಬಿಡಿಸೋದು ಯಾವ ಬಟನ್ ಅಂತ ನೆನಪಿಲ್ಲ. ಹೆಡ್‌ಸೆಟ್ ಕೇಬಲ್ ಮನೆಯಲ್ಲಿ ಡಬ್ಬಿಯಲ್ಲೇ ಇದೆ, ಅದರ ಪ್ಲಾಸ್ಟಿಕ್ ಕವರ್ ಕೂಡ ಹರಿದಿಲ್ಲ. ಇಷ್ಟು ಹುಡುಕಾಡುವಷ್ಟರಲ್ಲಿ ಗಾಳಿಯಲ್ಲಿದ್ದಿದ್ದರೆ ವಿಮಾನ ಹತ್ತು ಕಿಲೋಮೀಟರ್ ಮುಂದೆ ಹೋಗಿರುತ್ತಿತ್ತು.

ಹಾಗಾಗಿ ಯಾವ ಕಂಪನಿಯ ಸೆಟ್ ತಗೋಬೇಕು ಅನ್ನುವುದು ನನ್ನ ಮಟ್ಟಿಗೆ ಕೊನೆಯ ಪ್ರಶ್ನೆ. ಸೆಟ್ ಕೈಗೆ ಎಟುಕುವಂತಿದೆಯಾ, ಹೆಡ್‌ಸೆಟ್‌ಗೆ ಸೇರುತ್ತದಾ, ಆಂಟೆನಾ ಎಲ್ಲಿ ನಿಲ್ಲುತ್ತದೆ, ಬ್ಯಾಟರಿ ಇವತ್ತು ತುಂಬಿದೆಯಾ? ಇವಿಷ್ಟಕ್ಕೆ ಉತ್ತರ ಇದ್ದರೆ ಸಾಧಾರಣ ಸೆಟ್ ಕೂಡ ನಿಮ್ಮನ್ನು ಮನೆ ಸೇರಿಸುತ್ತದೆ.

ನಾನು ಚಿಕ್ಕಬಳ್ಳಾಪುರದವಳು. ನಮ್ಮ ಕಡೆ ಹಾರುವವರಿಗೆ ಈ ವಿಷಯ ಯಾಕೆ ಮುಖ್ಯ ಅನ್ನುವುದಕ್ಕೆ ನಕ್ಷೆ ನೋಡಿದರೆ ಸಾಕು. ಊರಿನ ಮೇಲೆ ಹಾರುತ್ತಿರುವಾಗ ರೇಡಿಯೋ ಸತ್ತರೆ ಹೊಸಬರಿಗೆ ಮೊದಲು ಹೊಳೆಯುವುದು "ಹೈವೇ ಹಿಡಿದು ಹೋದರಾಯ್ತು" ಅಂತ. ನೆಲದಿಂದ ನೋಡಿದರೆ ಸರಿಯೇ. ರಾಷ್ಟ್ರೀಯ ಹೆದ್ದಾರಿ 44 ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ದಾಟಿ, ಯಲಹಂಕದ ಮೂಲಕ, ಚಿಕ್ಕ ವಿಮಾನಗಳ ಏರೋಡ್ರೋಮ್ ಇರುವ ಜಕ್ಕೂರಿನ ಪಕ್ಕಕ್ಕೇ ಬರುತ್ತದೆ. ಆದರೆ ಆ ದಾರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ ಇದೆ. 2019ರ ಡಿಸೆಂಬರ್‌ನಿಂದ ಅಲ್ಲಿ ಎರಡು ರನ್‌ವೇಗಳು. ಅದನ್ನು ದಾಟಿದರೆ ಯಲಹಂಕದ ವಾಯುಪಡೆ ನೆಲೆ. ಅದರ ಮಗ್ಗುಲಲ್ಲೇ ಜಕ್ಕೂರು. ಇಂಥ ಜಾಗದೊಳಗೆ ಬಾಯಿ ಮುಚ್ಚಿಕೊಂಡು ನುಗ್ಗೋಕೆ ಆಗುತ್ತಾ? ಮಾತು ನಿಂತರೆ ದೂರದಲ್ಲೇ ಸುತ್ತುತ್ತಾ ಇರಬೇಕು, ಇಲ್ಲಾ ಬೇರೆ ಜಾಗ ನೋಡಬೇಕು. ಕೈ ರೇಡಿಯೋ ಇದ್ದರೆ ಒಂದು ಮಾತು ಹೇಳಿ, ಅನುಮತಿ ಕೇಳಿ ಬರಬಹುದು.

ಮೊದಲು ಕಾನೂನು

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಪ್ರಸಾರ ಮಾಡುವ ಸೆಟ್ ಅನ್ನು ಸುಮ್ನೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನದ ಬ್ಯಾಂಡಿನ ಸೆಟ್‌ಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಅನುಮತಿ ಬೇಕು. ಮಾತಾಡುವವರ ಕೈಯಲ್ಲಿ ಆರ್‌ಟಿಆರ್-ಎ, ಅಂದರೆ ವಿಮಾನದ ರೇಡಿಯೋದಲ್ಲಿ ಮಾತಾಡುವ ಪರವಾನಗಿ ಇರಬೇಕು. ಮೊದಲು ಆ ಪರೀಕ್ಷೆಯನ್ನೂ ದೂರಸಂಪರ್ಕ ಇಲಾಖೆಯೇ ನಡೆಸುತ್ತಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದ ಮೇಲೆ ಅದು ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೈಗೆ ಬಂತು. ನಿಮ್ಮ ಶಾಲೆಯ ಅಥವಾ ವಿಮಾನದ ಮಾಲೀಕರ ಹೆಸರಿನಲ್ಲಿ ಲೈಸೆನ್ಸ್ ಇರುವ ಸೆಟ್ ಆದರೆ ಅದನ್ನು ಆ ವಿಮಾನದ ಜೊತೆಗೇ ಬಳಸಿ. ನಂದಿ ಬೆಟ್ಟಕ್ಕೆ ಪಿಕ್‌ನಿಕ್ ಹೋಗುವಾಗ ಹಿಡಿದುಕೊಂಡು ಹೋಗಿ ಶೋಕಿ ಮಾಡಬೇಡಿ.

ನಮ್ಮ ಬೀದಿಯಲ್ಲಿ ದ್ರಾಕ್ಷಿ ತೋಟದ ಯಜಮಾನರೊಬ್ಬರಿದ್ದಾರೆ. ನನ್ನ ಕೈಯಲ್ಲಿ ಸೆಟ್ ಕಂಡಾಗಲೆಲ್ಲ "ಏನಮ್ಮಾ, ಪೊಲೀಸ್ ಕೆಲಸಕ್ಕೆ ಸೇರಿಬಿಟ್ಯಾ?" ಅಂತ ಕೇಳುತ್ತಾರೆ. ನೋಡೋಕೆ ಹಾಗೇ ಇದೆ, ನಿಜ. ಆದರೆ ಒಳಗೆ ಬೇರೆ. ಪೊಲೀಸರ, ಸೆಕ್ಯುರಿಟಿಯವರ ವಾಕಿಟಾಕಿಗಳು ಎಫ್‌ಎಂ ಅಥವಾ ಡಿಜಿಟಲ್. ವಿಮಾನದವು 118ರಿಂದ 137 ಮೆಗಾಹರ್ಟ್ಸ್ ನಡುವೆ, ಎಎಂ ಅನ್ನುವ ಬೇರೆ ವಿಧಾನ. ಒಂದೇ ಹೊತ್ತಿಗೆ ಇಬ್ಬರು ಮಾತಾಡಿದರೆ ಎಎಂನಲ್ಲಿ ಕಿರ್ ಅನ್ನುವ ಶಬ್ದ ಬರುತ್ತದೆ, ಅಡ್ಡ ಬಂದಿರುವುದು ಎಲ್ಲರಿಗೂ ಗೊತ್ತಾಗುತ್ತದೆ. ಎಫ್‌ಎಂ ಆದರೆ ಜೋರಿನವನು ಇನ್ನೊಬ್ಬನನ್ನು ಪೂರ್ತಿ ನುಂಗಿಬಿಡುತ್ತಾನೆ, ಜೀವಾಪಾಯದ ಮೇಡೇ ಕರೆಯೇ ಮುಚ್ಚಿಹೋದರೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಹಳೆಯ ಎಎಂ ಇನ್ನೂ ಉಳಿದುಕೊಂಡಿದೆ. ಅಗ್ಗದ ವಾಕಿಟಾಕಿ ಬಾವ್‌ಫೆಂಗ್ ಯುವಿ-5ಆರ್ ಸಾಕಲ್ವಾ ಅಂತ ಕೇಳುವವರಿಗೂ ಇದೇ ಉತ್ತರ. ಅದು 136 ಮೆಗಾಹರ್ಟ್ಸ್‌ನಿಂದ ಶುರುವಾಗುವ ಎಫ್‌ಎಂ ಸೆಟ್. ನಮಗೆ ಅದು ಪೇಪರ್‌ವೇಟ್.

ಹೆಡ್‌ಸೆಟ್ ಅಡಾಪ್ಟರ್ ಇಲ್ಲದ ಸೆಟ್ ತಗೋಬೇಡಿ

ಐಕಾಮ್, ಯೇಸು ಎರಡೂ ಕಂಪನಿಗಳ ಸೆಟ್‌ಗಳು ಚೆನ್ನಾಗಿವೆ. ಜಾಸ್ತಿ ದುಡ್ಡಿನವುಗಳಲ್ಲಿ ಜಿಪಿಎಸ್ ಇರುತ್ತದೆ, ದಿಕ್ಕು ತೋರಿಸುವ ನೆಲದ ರೇಡಿಯೋ ಕೇಂದ್ರಗಳನ್ನು (ವಿಒಆರ್) ಹಿಡಿಯುವ ಸೌಕರ್ಯವೂ ಇರುತ್ತದೆ. ಇದ್ದರೆ ಒಳ್ಳೆಯದೇ. ಆದರೆ ಆ ಹೆಚ್ಚಿನ ದುಡ್ಡನ್ನು ಮೊದಲು ಹೆಡ್‌ಸೆಟ್ ಅಡಾಪ್ಟರ್‌ಗೆ ಹಾಕಿ.

ಯಾಕೆ ಅಂದರೆ, ಸೆಸ್ನಾದಂಥ ವಿಮಾನದ ಕಾಕ್‌ಪಿಟ್‌ನಲ್ಲಿ ಇಂಜಿನ್ ಓಡುವಾಗ ಕೈ ರೇಡಿಯೋದ ಸ್ಪೀಕರ್ ಕೇಳಿಸುವುದಿಲ್ಲ. ಕಿವಿಗೆ ಒತ್ತಿಕೊಂಡರೂ ಅರ್ಧಂಬರ್ಧ. ಕೇಳಬೇಕಾದರೆ ಹೆಡ್‌ಸೆಟ್ ತೆಗೆಯಬೇಕು, ತೆಗೆದರೆ ಇಂಜಿನ್ ಶಬ್ದ ಇನ್ನೂ ಜಾಸ್ತಿ. ಮಾತಾಡುವಾಗಲೂ ಅಷ್ಟೇ. ಅದರ ಮೈಕ್ ನಿಮ್ಮ ದನಿಯ ಜೊತೆ ಇಂಜಿನ್ನನ್ನೂ ಎಳೆದುಕೊಂಡು ಕಳಿಸುತ್ತದೆ. ಎಟಿಸಿಗೆ, ಅಂದರೆ ನೆಲದಿಂದ ವಿಮಾನಗಳನ್ನು ನಿಯಂತ್ರಿಸುವವರಿಗೆ, ಗುಂಯ್ ಅನ್ನುವುದಷ್ಟೇ ಕೇಳುತ್ತದೆ.

ಅಡಾಪ್ಟರ್ ಅಂದರೆ ಒಂದು ಚಿಕ್ಕ ಕೇಬಲ್. ಒಂದು ತುದಿ ಸೆಟ್‌ಗೆ, ಇನ್ನೊಂದು ತುದಿಯಲ್ಲಿ ನಿಮ್ಮ ಹೆಡ್‌ಸೆಟ್‌ನ ಎರಡು ಪಿನ್ ಸೇರಿಸುವ ಜಾಗ. ದಪ್ಪ ಪಿನ್ ಕೇಳುವುದಕ್ಕೆ, ಸ್ವಲ್ಪ ಸಣ್ಣದು ಮೈಕ್‌ಗೆ. ತಗೊಳ್ಳುವಾಗ ನಿಮ್ಮ ಹೆಡ್‌ಸೆಟ್ ಜೊತೆಗೆ ಒಯ್ದು ಸೇರಿಸಿ ನೋಡಿ. ಗುಬ್ಬಿಯ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾದ ಮೇಲೆ ತುಮಕೂರಿನ ಹುಡುಗರು ಹೆಲಿಕಾಪ್ಟರ್ ಬಗ್ಗೆ ಜಾಸ್ತಿ ಕೇಳುತ್ತಾರೆ. ಅವರಿಗೆ ಒಂದು ಮಾತು: ಹೆಲಿಕಾಪ್ಟರ್ ಹೆಡ್‌ಸೆಟ್‌ಗೆ ಸಾಮಾನ್ಯವಾಗಿ ಒಂದೇ ಪಿನ್ ಇರುತ್ತದೆ, ಎರಡು ಪಿನ್ನಿನ ಅಡಾಪ್ಟರ್‌ಗೆ ಅದು ಹೋಗುವುದಿಲ್ಲ. ಶಬ್ದ ತಗ್ಗಿಸುವ ಹೆಡ್‌ಸೆಟ್‌ಗಳಲ್ಲಿ ಕೆಲವು ವಿಮಾನದ ಕರೆಂಟ್‌ನಿಂದಲೇ ನಡೆಯುತ್ತವೆ. ವಿಮಾನದ ಕರೆಂಟ್ ಹೋದ ದಿನ ಅದು ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೆಲದ ಮೇಲೇ ನೋಡಿಕೊಳ್ಳಿ. ತನ್ನದೇ ಬ್ಯಾಟರಿ ಇರುವುದು ಮೇಲು.

ಇನ್ನೊಂದು ಚಿಕ್ಕ ವಸ್ತು, ಬೇರೆ ಪಿಟಿಟಿ ಬಟನ್, ಅಂದರೆ ಒತ್ತಿ ಹಿಡಿದು ಮಾತಾಡುವ ಬಟನ್. ಅಡಾಪ್ಟರ್‌ಗೆ ಚುಚ್ಚಿ, ವೆಲ್‌ಕ್ರೋ ಪಟ್ಟಿಯಿಂದ ಕಂಟ್ರೋಲ್ ಹಿಡಿಗೆ ಕಟ್ಟುವಂಥದ್ದು. ಇದಿದ್ದರೆ ಸೆಟ್ ಅನ್ನು ಕೈಯಲ್ಲಿ ಹಿಡಿಯುವ ಕೆಲಸವೇ ಇಲ್ಲ. ಒಬ್ಬರೇ ಹಾರುವವರಿಗೆ ಇದು ಐಷಾರಾಮಿ ಅಲ್ಲ, ಅಗತ್ಯ.

ಆಂಟೆನಾ: ಎಲ್ಲಾ ಇರುವುದು ಇಲ್ಲೇ

ಡಬ್ಬಿಯ ಮೇಲೆ 5 ವ್ಯಾಟ್, 6 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಗರಿಷ್ಠ ಲೆಕ್ಕ. ಕ್ಯಾರಿಯರ್, ಅಂದರೆ ದನಿ ಹೊತ್ತೊಯ್ಯುವ ಮೂಲ ಅಲೆಯ ಲೆಕ್ಕದಲ್ಲಿ ಒಂದೂವರೆ ವ್ಯಾಟ್ ಆಸುಪಾಸು ಅಷ್ಟೇ. ವಿಮಾನದ ಪ್ಯಾನೆಲ್‌ನಲ್ಲಿ, ಅಂದರೆ ಮುಂದಿನ ಉಪಕರಣಗಳ ಹಲಗೆಯಲ್ಲಿ ಕೂರಿಸಿರುವ ರೇಡಿಯೋ ಸಾಮಾನ್ಯವಾಗಿ 10 ವ್ಯಾಟ್ ಕೊಡುತ್ತದೆ. ಅಂದರೆ ಆರು ಪಟ್ಟು ವ್ಯತ್ಯಾಸ. ಇದನ್ನು ಕೇಳಿ ಗಾಬರಿ ಬೀಳಬೇಡಿ. ಬಯಲಿನಲ್ಲಿ ಪವರ್ ಆರರಲ್ಲಿ ಒಂದು ಭಾಗಕ್ಕೆ ಇಳಿದರೆ ದೂರ ಅಷ್ಟೇ ಪಾಲು ಇಳಿಯುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಸುಮಾರು ಎರಡೂವರೆ ಪಟ್ಟು. ನಿಜವಾಗಿ ದೂರವನ್ನು ತಿನ್ನುವುದು ಬೇರೆ ಎರಡು: ಎತ್ತರ ಮತ್ತು ಆಂಟೆನಾ.

ಎತ್ತರದ ಲೆಕ್ಕ ಸುಲಭ. ಈ ಅಲೆಗಳು ನೇರ ನೋಟದಲ್ಲಿ ಹೋಗುತ್ತವೆ. ನೆಲದಿಂದ ನಿಮ್ಮ ಎತ್ತರ ಎಷ್ಟು ಅಡಿ ಅಂತ ತಗೊಂಡು, ಅದರ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಎಷ್ಟು ನಾಟಿಕಲ್ ಮೈಲಿ ಅಂತ ಸಿಗುತ್ತದೆ. 1600 ಅಡಿಯ ವರ್ಗಮೂಲ 40, ಗುಣಿಸಿದರೆ 49. ಹತ್ತಿರ ಹತ್ತಿರ 90 ಕಿಲೋಮೀಟರ್. ಚಿಕ್ಕಬಳ್ಳಾಪುರದಿಂದ ಜಕ್ಕೂರಿಗೆ ಅದರ ಅರ್ಧದಷ್ಟು ದೂರವೂ ಇಲ್ಲ. ಆದರೆ ಲೆಕ್ಕಕ್ಕೆ ನಂದಿ ಬೆಟ್ಟ ಗೊತ್ತಿಲ್ಲ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್, ಅಂದರೆ ಸುಮಾರು 4850 ಅಡಿ. ನಮ್ಮ ಊರಿನ ನೆಲವೇ 3000 ಅಡಿ ಆಸುಪಾಸಿನಲ್ಲಿದೆ. ನೀವು ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ 4600 ಅಡಿ ಇಟ್ಟುಕೊಂಡು ಬೆಟ್ಟದ ಬಡಗಣ ಮಗ್ಗುಲಲ್ಲಿ ಹಾರುತ್ತಿದ್ದರೆ ಬೆಟ್ಟದ ನೆತ್ತಿ ನಿಮಗಿಂತ ಮೇಲಿದೆ. ಆ ಕಡೆ ದೇವನಹಳ್ಳಿ, ಈ ಕಡೆ ನೀವು, ನಡುವೆ ಕಲ್ಲು. ಸ್ಕಂದಗಿರಿ, ಚನ್ನಗಿರಿ ಸಾಲು ಕೂಡ ಪಕ್ಕದಲ್ಲೇ ಇದೆ. ಪ್ಯಾನೆಲ್ ರೇಡಿಯೋ ಹೇಗೋ ನುಸುಳಿಕೊಂಡು ಹೋಗಬಹುದು. ಕೈ ರೇಡಿಯೋ ಹೋಗದಿದ್ದರೆ ಸೆಟ್ಟನ್ನು ಬೈಯಬೇಡಿ. ಬೆಟ್ಟದ ಮರೆಯಿಂದ ಪಕ್ಕಕ್ಕೆ ಸರಿಯಿರಿ. ಮೋಡ ಅಡ್ಡ ಬರದಿದ್ದರೆ, ನಿಯಮವೂ ಒಪ್ಪಿದರೆ ಸ್ವಲ್ಪ ಎತ್ತರಕ್ಕೆ ಹೋಗಿ. ಅರ್ಧ ನಿಮಿಷದ ಬಳಿಕ ಮತ್ತೆ ಕರೆಯಿರಿ.

ಇನ್ನು ಆಂಟೆನಾ. ಈ ಬ್ಯಾಂಡಿಗೆ ಅಲೆಯ ಉದ್ದದ ಕಾಲು ಭಾಗದಷ್ಟು ಆಂಟೆನಾ ಅಂದರೆ 61 ಸೆಂಟಿಮೀಟರ್ ಆಸುಪಾಸು ಉದ್ದ ಬೇಕು. ಸೆಟ್ ಜೊತೆ ಬರುವ ರಬ್ಬರ್ ಆಂಟೆನಾ ಅದರ ಅರ್ಧಕ್ಕೂ ಚಿಕ್ಕದು, ಒಳಗೆ ತಂತಿ ಸುತ್ತಿ ಉದ್ದ ತುಂಬಿಸಿರುತ್ತಾರೆ. ಜೇಬಿಗೆ ಅನುಕೂಲ, ಅಲೆಗೆ ಅಲ್ಲ. ಅದರ ಮೇಲೆ ನೀವು ಅದನ್ನು ಅಲ್ಯೂಮಿನಿಯಂ ಗೋಡೆಯ ಒಳಗೆ, ತೊಡೆಯ ಮೇಲೆ ಇಟ್ಟು ಮಾತಾಡುತ್ತೀರಿ. ಗೌರಿಬಿದನೂರಿನ ಹತ್ತಿರ 34.5 ಮೆಗಾಹರ್ಟ್ಸ್‌ನ ರೇಡಿಯೋ ದೂರದರ್ಶಕ ಕಟ್ಟಿದಾಗ ಆಕಾಶದ ಸಣ್ಣ ಸದ್ದು ಹಿಡಿಯೋಕೆ 1000 ಡೈಪೋಲ್ ಆಂಟೆನಾಗಳನ್ನು ನೆಟ್ಟರು, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ. ಅವರು ಆಂಟೆನಾಗೆ ಕೊಟ್ಟ ಮರ್ಯಾದೆಯಲ್ಲಿ ಒಂದು ಪಾಲನ್ನಾದರೂ ನಾವು ಕೊಡೋಣ.

ಬೇರೇನೂ ಇಲ್ಲದೆ ರಬ್ಬರ್ ಆಂಟೆನಾ ಒಂದೇ ಇದ್ದರೆ ಹೀಗೆ ಮಾಡಿ. ಅದನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನ ಆಂಟೆನಾ ನೆಟ್ಟಗಿರುತ್ತದೆ, ನಿಮ್ಮದು ಅಡ್ಡ ಇದ್ದರೆ ಸಿಗ್ನಲ್ ಬಹಳ ಹೋಗಿಬಿಡುತ್ತದೆ. ಕಿಟಕಿಯ ಗಾಜಿಗೆ ಹತ್ತಿರ ಹಿಡಿಯಿರಿ, ಮೈಯಿಂದ ದೂರ. ಯಾವ ಕಡೆ ಟವರ್ ಇದೆಯೋ ಆ ಕಡೆಯ ಕಿಟಕಿ. ಸೀಟು ಬದಲಾಯಿಸೋಕೆ ಆಗಲ್ಲ, ಆದರೆ ವಿಮಾನ ತಿರುಗಿಸೋಕೆ ಆಗುತ್ತದೆ ಅಲ್ವಾ? ಟವರ್ ಬಲಕ್ಕಿದ್ದು ನೀವು ಎಡ ಸೀಟಿನಲ್ಲಿದ್ದರೆ ಅರ್ಧ ಸುತ್ತು ತಿರುಗಿ, ಟವರ್ ನಿಮ್ಮ ಕಿಟಕಿಗೆ ಬಂದಾಗ ಕರೆಯಿರಿ. ಬಟ್ಟೆ ಹೊದಿಸಿದ ಮೈಕ್ರೋಲೈಟ್ ಅನ್ನುವ ಹಗುರ ವಿಮಾನದಲ್ಲಿ ಈ ತಾಪತ್ರಯ ಕಡಿಮೆ, ಫೈಬರ್‌ಗ್ಲಾಸ್‌ನಲ್ಲೂ ಕಡಿಮೆ. ಕಾರ್ಬನ್ ಫೈಬರ್ ಆದರೆ ಲೋಹದ ಹಾಗೇ ತಡೆಯುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ವಿಮಾನದ ಹೊರಗಿನ ಆಂಟೆನಾಗೇ ಸೆಟ್ಟನ್ನು ಸೇರಿಸುವುದು. ಕೆಲವು ವಿಮಾನಗಳಲ್ಲಿ ಪ್ಯಾನೆಲ್ ಮೇಲೆ ಅದಕ್ಕೊಂದು ಜಾಕ್ ಇರುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಆಂಟೆನಾ ಪ್ಯಾನೆಲ್ ರೇಡಿಯೋದಿಂದ ಬಿಟ್ಟು ಕೈ ರೇಡಿಯೋಗೆ ಸೇರುತ್ತದೆ. ಕಾಕ್‌ಪಿಟ್‌ನಿಂದ ಮಾತು ಒದ್ದಾಡುತ್ತಿದ್ದ ಅದೇ ಸೆಟ್ ಹೊರಗಿನ ಆಂಟೆನಾದಲ್ಲಿ ಪ್ಯಾನೆಲ್ ರೇಡಿಯೋದಂತೆಯೇ ಕೇಳುತ್ತದೆ. ಸ್ವಂತ ವಿಮಾನ ಇರುವವರು ಮುಂದಿನ ಇನ್‌ಸ್ಪೆಕ್ಷನ್‌ಗೆ ಕೊಟ್ಟಾಗ ಇದನ್ನು ಹಾಕಿಸಿ. ಲೈಸೆನ್ಸ್ ಇರುವ ಇಂಜಿನಿಯರ್ ಕೈಯಲ್ಲೇ, ಕಾಗದ ಪತ್ರ ಸಮೇತ. ನೀವೇ ಪ್ಯಾನೆಲ್ ಬಿಚ್ಚಿ ತಂತಿ ಎಳೆಯುವ ಕೆಲಸ ಬೇಡ. ಕನೆಕ್ಟರ್ ಸಾಮಾನ್ಯವಾಗಿ ಬಿಎನ್‌ಸಿ ಅನ್ನುವ ಬಗೆಯದು. ನಿಮ್ಮ ಸೆಟ್‌ನ ಬಾಯಿ ಬೇರೆ ಇದ್ದರೆ ಹೊಂದುವ ಚಿಕ್ಕ ತುಂಡು ಸಿಗುತ್ತದೆ, ಅದನ್ನು ಕೇಬಲ್‌ಗೇ ಹಾಕಿ ಬಿಟ್ಟುಬಿಡಿ.

ಎಲ್ಲಿ ಇಡಬೇಕು ಅನ್ನುವಾಗ ಒಂದು ಎಚ್ಚರಿಕೆ. ಸೆಟ್ಟನ್ನು ಡ್ಯಾಶ್ ಮೇಲೆ, ದಿಕ್ಸೂಚಿಯ ಪಕ್ಕ ಇಡಬೇಡಿ. ಅದರ ಸ್ಪೀಕರ್‌ನಲ್ಲಿ ಅಯಸ್ಕಾಂತ ಇದೆ. ದಿಕ್ಸೂಚಿಯ ಮುಳ್ಳು ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಕರೆಂಟ್ ಹೋದ ದಿನ ದಿಕ್ಕು ತೋರಿಸಲು ನಿಮಗೆ ಉಳಿಯುವುದೇ ಆ ದಿಕ್ಸೂಚಿ. ನಂಬಿಕೆ ಬರದಿದ್ದರೆ ನೆಲದ ಮೇಲೆ ಸೆಟ್ ಹತ್ತಿರ ತಂದು ನೋಡಿ, ಮುಳ್ಳು ಕುಣಿಯುವುದು ಕಾಣುತ್ತದೆ. ನಾನು ಬಾಗಿಲ ಪಕ್ಕದ ಜೇಬಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ.

ಬ್ಯಾಟರಿ, ಮೆಮೊರಿ, ಲಾಕ್

ಕೋಲಾರದ ಕಡೆ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಸೆಟ್ ಬಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದುಕಾಗುತ್ತದೆ. ಮನೆಗೆ ತಂದು ತಣ್ಣಗಿನ ಜಾಗದಲ್ಲಿಡಿ. ಹಾರುವ ಹಿಂದಿನ ರಾತ್ರಿ ಫೋನ್ ಜೊತೆಗೆ ಅದನ್ನೂ ಚಾರ್ಜ್‌ಗೆ ಹಾಕಿ. ಕೆಲವು ಸೆಟ್‌ಗಳಿಗೆ ಎಎ ಸೆಲ್ ತುಂಬುವ ಖಾಲಿ ಡಬ್ಬಿ ಸಿಗುತ್ತದೆ. ಅದನ್ನು ತಗೊಂಡು, ಒಳ್ಳೆ ಆಲ್ಕಲೈನ್ ಸೆಲ್‌ಗಳನ್ನು ಪ್ಯಾಕೆಟ್ ಒಡೆಯದೆ ಜೊತೆಗಿಡಿ. ಅವು ವರ್ಷಗಟ್ಟಲೆ ಕೆಡದೆ ಇರುತ್ತವೆ. ಡಬ್ಬಿಯೊಳಗೇ ಹಾಕಿ ಮರೆತರೆ ಮಾತ್ರ ಸೋರಿ ಹಸಿರು ಕಟ್ಟುತ್ತವೆ. ಕೇಳುವಾಗ ಬ್ಯಾಟರಿ ಕಡಿಮೆ ಖರ್ಚಾಗುತ್ತದೆ, ಮಾತಾಡುವಾಗ ಹಲವು ಪಟ್ಟು ಜಾಸ್ತಿ. ಅದಕ್ಕೇ ಮಾತು ಚುಟುಕಾಗಿರಲಿ.

ಫ್ರೀಕ್ವೆನ್ಸಿಗಳನ್ನು ಮೊದಲೇ ಮೆಮೊರಿಗೆ ಹಾಕಿ, ಹೆಸರು ಬರೆಯಿರಿ. ಇಲ್ಲಿ ನಾನು ಸಂಖ್ಯೆ ಬರೆಯುವುದಿಲ್ಲ, ಅವು ಬದಲಾಗುತ್ತಿರುತ್ತವೆ. ವಿಮಾನ ನಿಲ್ದಾಣ ಪ್ರಾಧಿಕಾರದ ಈಗಿನ ಎಐಪಿ, ಅಂದರೆ ಅಧಿಕೃತ ಮಾಹಿತಿ ಪುಸ್ತಕ ನೋಡಿ ತಗೊಳ್ಳಿ. ನಿಮ್ಮ ಮನೆಯ ಏರೋಡ್ರೋಮ್, ಬೆಂಗಳೂರಿನ ಅಪ್ರೋಚ್ (ಹತ್ತಿರ ಬರುವ ವಿಮಾನಗಳನ್ನು ನೋಡಿಕೊಳ್ಳುವವರು) ಮತ್ತು ಟವರ್, ಎಚ್‌ಎಎಲ್ ವಿಮಾನ ನಿಲ್ದಾಣ, ಇವು ಮೊದಲು. ಫೆಬ್ರುವರಿಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಇರುವ ವರ್ಷ ಯಲಹಂಕದ ಸುತ್ತ ಆಕಾಶ ಗಂಟೆಗಟ್ಟಲೆ ಮುಚ್ಚಿರುತ್ತದೆ, ಆಗ ನೋಟಮ್, ಅಂದರೆ ಹಾರುವವರಿಗೆ ಹೊರಡಿಸುವ ಸೂಚನೆ ಓದದೆ ಹೊರಡಲೇಬೇಡಿ.

ಬದಲಾಗದ ಸಂಖ್ಯೆ ಒಂದಿದೆ: 121.5, ತುರ್ತು ಕರೆಯದು. ಬಹಳಷ್ಟು ಸೆಟ್‌ಗಳಲ್ಲಿ ಅದಕ್ಕೇ ಪ್ರತ್ಯೇಕ ಬಟನ್ ಇರುತ್ತದೆ. ಇದನ್ನು ಉಪಗ್ರಹ ಕೇಳಿಸಿಕೊಳ್ಳುತ್ತದೆ ಅಂತ ಇನ್ನೂ ಹಲವರು ನಂಬಿದ್ದಾರೆ. ಅಪಾಯದಲ್ಲಿರುವವರನ್ನು ಪತ್ತೆ ಹಚ್ಚುವ ಕೋಸ್ಪಾಸ್-ಸಾರ್ಸಾಟ್ ಉಪಗ್ರಹಗಳು 121.5 ಅನ್ನು ಆಲಿಸುವುದನ್ನು 2009ರ ಫೆಬ್ರುವರಿ 1ಕ್ಕೇ ನಿಲ್ಲಿಸಿದವು. ಈಗ ಅವು ಕೇಳುವುದು 406 ಮೆಗಾಹರ್ಟ್ಸ್‌ನ ತುರ್ತು ಬೀಕನ್‌ಗಳನ್ನು. 121.5ರಲ್ಲಿ ನಿಮ್ಮನ್ನು ಕೇಳುವುದು ಎಟಿಸಿ, ಮತ್ತು ಮೇಲೆ ಹೋಗುತ್ತಿರುವ ದೊಡ್ಡ ವಿಮಾನಗಳು. ಅದೇನೂ ಕಡಿಮೆ ಅಲ್ಲ. ಬೆಟ್ಟದ ಮರೆಯಲ್ಲಿರುವ ನಿಮ್ಮ ಮಾತು ಟವರ್‌ಗೆ ಮುಟ್ಟದಿದ್ದರೂ ಮೂವತ್ತು ಸಾವಿರ ಅಡಿಯಲ್ಲಿರುವವರಿಗೆ ಮುಟ್ಟುತ್ತದೆ, ಅವರು ದಾಟಿಸುತ್ತಾರೆ.

ಕೀ ಲಾಕ್ ಬಗ್ಗೆ: ಹಲವು ಸೆಟ್‌ಗಳಲ್ಲಿ ಲಾಕ್ ಹಾಕಿದರೂ ಪಿಟಿಟಿ ಕೆಲಸ ಮಾಡುತ್ತದೆ. ಆನ್ ಆಗಿರುವ ಸೆಟ್ ಬ್ಯಾಗಿನಲ್ಲಿ ನೀರಿನ ಬಾಟಲಿಯ ಕೆಳಗೆ ಸಿಕ್ಕಿಕೊಂಡರೆ ಇಡೀ ಫ್ರೀಕ್ವೆನ್ಸಿ ಬಂದ್. ಎಲ್ಲರೂ ಒಬ್ಬರನ್ನೊಬ್ಬರು ಕೇಳಲಾಗದೆ ಒದ್ದಾಡುತ್ತಾರೆ, ಕಾರಣ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಳಸದಿದ್ದಾಗ ಪೂರ್ತಿ ಆಫ್ ಮಾಡಿ. ಸೆಟ್ಟಿಂಗ್‌ನಲ್ಲಿ, ಬಟನ್ ತುಂಬ ಹೊತ್ತು ಒತ್ತಿದರೆ ತಾನೇ ಪ್ರಸಾರ ನಿಲ್ಲಿಸುವ ಟೈಮ್-ಔಟ್ ಟೈಮರ್ ಇದ್ದರೆ ಹಾಕಿಡಿ.

ಗಾಳಿಯಲ್ಲಿ

ಮಾತು ನಿಂತ ಕೂಡಲೇ ಕೈ ರೇಡಿಯೋ ಎಳೆಯಬೇಡಿ. ಮೊದಲು ವಿಮಾನ ನೆಟ್ಟಗೆ ಹಾರುತ್ತಿರಲಿ. ಆಮೇಲೆ ಸಣ್ಣ ಕಾರಣಗಳನ್ನು ನೋಡಿ. ಹೆಚ್ಚಿನ ಸಲ ರೇಡಿಯೋ ಕೆಟ್ಟಿರುವುದೇ ಇಲ್ಲ. ಮೊಣಕಾಲು ತಾಗಿ ವಾಲ್ಯೂಮ್ ಇಳಿದಿರುತ್ತದೆ. ಹೆಡ್‌ಸೆಟ್ ಪಿನ್ ಅರ್ಧ ಹೊರಗೆ ಬಂದಿರುತ್ತದೆ. ಆಡಿಯೋ ಪ್ಯಾನೆಲ್‌ನಲ್ಲಿ ಬೇರೆ ರೇಡಿಯೋ ಒತ್ತಿರುತ್ತದೆ. ಫ್ರೀಕ್ವೆನ್ಸಿಯಲ್ಲಿ ಒಂದು ಅಂಕಿ ತಪ್ಪಿರುತ್ತದೆ. ಹಿನ್ನೆಲೆ ಸದ್ದು ಮುಚ್ಚುವ ಸ್ಕ್ವೆಲ್ಚ್ ತೆಗೆದು ಸುಯ್ ಅನ್ನುವ ಸದ್ದು ಬರುತ್ತಾ ನೋಡಿ. ಬಂದರೆ ಕೇಳುವ ಭಾಗ ಜೀವಂತವಾಗಿದೆ. ಪಕ್ಕದ ಸೀಟಿನ ಜಾಕ್‌ಗೆ ಹೆಡ್‌ಸೆಟ್ ಹಾಕಿ ನೋಡಿ. ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ ಕರೆಯಿರಿ. ಇಷ್ಟಕ್ಕೂ ಜವಾಬಿಲ್ಲ ಅಂದರೆ ಕೈ ರೇಡಿಯೋ.

ಕರೆಂಟ್ ಹೋಗುವ ಸಂದರ್ಭ ಬೇರೆ, ಅದು ಮೊದಲೇ ಸುಳಿವು ಕೊಡುತ್ತದೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೈಕೊಟ್ಟರೆ ಲೋ ವೋಲ್ಟೇಜ್ ದೀಪ ಹತ್ತುತ್ತದೆ. 28ರ ಹತ್ತಿರ ಇರಬೇಕಾದ ವೋಲ್ಟ್ 24ರ ಕಡೆ ಇಳಿಯುತ್ತಾ ಬರುತ್ತದೆ. ಇಂಜಿನ್ ನಿಲ್ಲುವುದಿಲ್ಲ. ಸೆಸ್ನಾ 152, 172ರಂಥ ವಿಮಾನಗಳಲ್ಲಿ ಕಿಡಿ ಕೊಡುವುದು ಮ್ಯಾಗ್ನೆಟೋ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ನಿಮ್ಮ ವಿಮಾನದ ಪುಸ್ತಕದಲ್ಲಿರುವ ಚೆಕ್‌ಲಿಸ್ಟ್ ಪ್ರಕಾರ ಆಲ್ಟರ್ನೇಟರ್ ಮತ್ತೆ ಹಿಡಿಯುತ್ತದಾ ನೋಡಿ. ಹಿಡಿಯದಿದ್ದರೆ ಬ್ಯಾಟರಿ ಒಂದೇ ಆಸರೆ. ಅದೂ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ, ಹಳೆಯ ಬ್ಯಾಟರಿ ಆದರೆ ಅದಕ್ಕೂ ಕಮ್ಮಿ.

ಇಲ್ಲಿ ನಾನು ಮಕ್ಕಳಿಗೆ ಹಟ ಹಿಡಿದು ಕಲಿಸುವ ಒಂದು ವಿಷಯ ಇದೆ. ಪ್ಯಾನೆಲ್ ರೇಡಿಯೋ ಪೂರ್ತಿ ಸಾಯುವ ತನಕ ಕಾಯಬೇಡಿ. ಅದು ಬದುಕಿರುವಾಗಲೇ ಎಟಿಸಿಗೆ ಹೇಳಿ: ಆಲ್ಟರ್ನೇಟರ್ ಹೋಗಿದೆ, ಕೈ ರೇಡಿಯೋಗೆ ಹೋಗುತ್ತಿದ್ದೇನೆ, ಇದೇ ಫ್ರೀಕ್ವೆನ್ಸಿ. ರಾಡಾರ್‌ಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನ ಕೋಡ್ ಏನಿರಲಿ ಅಂತಲೂ ಆಗಲೇ ಕೇಳಿ. ಆಮೇಲೆ ಹೆಡ್‌ಸೆಟ್ ಪಿನ್‌ಗಳನ್ನು ಅಡಾಪ್ಟರ್‌ಗೆ ಬದಲಿಸಿ, ನಮ್ಮ ಮಾತು ಕೇಳಿಸುತ್ತದಾ ಅಂತ ಒಂದು ರೇಡಿಯೋ ಚೆಕ್ ತಗೊಳ್ಳಿ. ಚೆನ್ನಾಗಿ ಕೇಳಿಸಿತು ಅಂದರೆ ಪ್ಯಾನೆಲ್ ರೇಡಿಯೋ ಆಫ್ ಮಾಡಿ. ಹೀಗೆ ಉಳಿಸಿದ ಕರೆಂಟ್, ನೀವು ಇಳಿಯುವಾಗ ಫ್ಲಾಪ್‌ಗೆ (ನಿಧಾನಕ್ಕೆ ಇಳಿಯಲು ಬಿಡುವ ರೆಕ್ಕೆಯ ಪಟ್ಟಿ), ಲೈಟ್‌ಗೆ ಸಿಗುತ್ತದೆ. ಕೈ ರೇಡಿಯೋ ಅಂದರೆ ಸತ್ತ ಮೇಲೆ ತೆಗೆಯುವುದು ಅಂತ ಎಲ್ಲರೂ ತಿಳಿದಿದ್ದಾರೆ. ಅದರ ದೊಡ್ಡ ಉಪಯೋಗ ಮುಖ್ಯ ಬ್ಯಾಟರಿಯನ್ನು ಬದುಕಿಸಿಡುವುದು. ಫ್ಲಾಪ್ ಇಳಿಯದೇ ಇರಬಹುದು ಅನ್ನುವ ಲೆಕ್ಕವೂ ತಲೆಯಲ್ಲಿರಲಿ, ರನ್‌ವೇ ಉದ್ದ ಬೇಕಾಗುತ್ತದೆ.

ಕರೆಯುವಾಗ ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು), "ಆನ್ ಹ್ಯಾಂಡ್‌ಹೆಲ್ಡ್ ರೇಡಿಯೋ", ಎಲ್ಲಿದ್ದೀರಿ, ಎಷ್ಟು ಎತ್ತರ, ಏನು ಬೇಕು. ಅಷ್ಟೇ. ಹ್ಯಾಂಡ್‌ಹೆಲ್ಡ್ ಅನ್ನುವ ಮಾತನ್ನು ಬಿಡಬೇಡಿ. ಅದು ಕೇಳಿದರೆ ಅವರು ನಿಮ್ಮನ್ನು ಫ್ರೀಕ್ವೆನ್ಸಿ ಮೇಲೆ ಫ್ರೀಕ್ವೆನ್ಸಿ ಬದಲಾಯಿಸಲು ಹೇಳುವುದಿಲ್ಲ, ಚಿಕ್ಕ ಪ್ರಶ್ನೆ ಕೇಳುತ್ತಾರೆ. ಜೋರಾಗಿ ಕೂಗಬೇಡಿ, ದನಿ ಒಡೆಯುತ್ತದೆ. ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇಟ್ಟು ನಿಧಾನಕ್ಕೆ ಮಾತಾಡಿ. ಅಪಾಯ ಇಲ್ಲ, ಆದರೆ ತುರ್ತಿದೆ ಅನ್ನಿಸಿದರೆ ಪ್ಯಾನ್ ಪ್ಯಾನ್ ಮೂರು ಸಲ. ಜೀವಕ್ಕೆ ಅಪಾಯ ಇದ್ದರೆ ಮೇಡೇ ಮೂರು ಸಲ. ಸಂಕೋಚ ಬೇಡ.

ಅವರ ಮಾತು ಕೇಳುತ್ತಿಲ್ಲ, ನಿಮ್ಮದು ಹೋಗುತ್ತಿದೆಯೋ ಇಲ್ಲವೋ ಗೊತ್ತಿಲ್ಲ ಅಂದರೆ "ಟ್ರಾನ್ಸ್‌ಮಿಟಿಂಗ್ ಬ್ಲೈಂಡ್" ಅಂತ ಶುರು ಮಾಡಿ, ಎಲ್ಲಿದ್ದೀರಿ, ಏನು ಮಾಡಲಿದ್ದೀರಿ ಅನ್ನುವುದನ್ನು ಎರಡು ಸಲ ಹೇಳಿ. ತಿರುಗಾಮುರುಗಾ ಆಗಿ, ಕೇಳುತ್ತದೆ ಆದರೆ ಮಾತು ಹೋಗುತ್ತಿಲ್ಲ ಅಂದರೂ ಕೈ ಚೆಲ್ಲಬೇಡಿ. ಕೇಳಿಸಿದರೆ ಟ್ರಾನ್ಸ್‌ಪಾಂಡರ್‌ನ ಐಡೆಂಟ್ ಬಟನ್ ಒತ್ತಿ, ರೆಕ್ಕೆ ಅಲ್ಲಾಡಿಸಿ, ಎಡಕ್ಕೆ ತಿರುಗಿ ಅಂತ ಎಟಿಸಿ ಹೇಳಬಹುದು. ಮಾಡಿ ತೋರಿಸಿದರೆ ಅದೇ ಉತ್ತರ. ಟ್ರಾನ್ಸ್‌ಪಾಂಡರ್ ನಡೆಯುತ್ತಿದ್ದರೆ ರೇಡಿಯೋ ಕೆಟ್ಟಿದೆ ಅನ್ನುವ ಕೋಡ್ 7600 ಹಾಕಿ.

ಎರಡೂ ಇಲ್ಲವಾದರೆ ಟವರ್‌ನ ದೀಪ. ಗಾಳಿಯಲ್ಲಿರುವವರಿಗೆ ನಿಂತ ಹಸಿರು ಅಂದರೆ ಇಳಿಯಬಹುದು. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಹಸಿರು, ಇಳಿಯಲು ಹಿಂದಿರುಗಿ ಬನ್ನಿ. ಮಿನುಗುವ ಕೆಂಪು, ಇಲ್ಲಿ ಸುರಕ್ಷಿತ ಅಲ್ಲ, ಇಳಿಯಬೇಡಿ. ಹಗಲಾದರೆ ರೆಕ್ಕೆ ಅಲ್ಲಾಡಿಸಿ ಒಪ್ಪಿಗೆ ತೋರಿಸಿ. ಇದನ್ನು ಚೀಟಿಯಲ್ಲಿ ಬರೆದು ಸೆಟ್‌ನ ಬೆನ್ನಿಗೇ ಅಂಟಿಸಿ.

ಫೋನ್? ಟವರ್‌ನ ನಂಬರ್ ಫೋನ್‌ನಲ್ಲಿ ಇಟ್ಟುಕೊಂಡಿರಿ, ಅದರಿಂದ ನಷ್ಟ ಇಲ್ಲ. ಆದರೆ ಮೇಲೆ ನೆಟ್‌ವರ್ಕ್ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸಿಕ್ಕರೂ ಇಂಜಿನ್ ಗದ್ದಲದಲ್ಲಿ ಕೇಳಬೇಕಲ್ಲ. ಜೊತೆಗೆ ಫೋನಿನಲ್ಲಿ ಕೇಳುವುದು ಒಬ್ಬರೇ. ರೇಡಿಯೋದಲ್ಲಿ ನಿಮ್ಮ ಸುತ್ತ ಹಾರುತ್ತಿರುವ ಎಲ್ಲರೂ ಕೇಳುತ್ತಾರೆ.

ಅಭ್ಯಾಸ

ಇಂಜಿನ್ ಶುರು ಮಾಡುವ ಮೊದಲು, ಶಾಲೆಯ ಒಪ್ಪಿಗೆ ಇದ್ದಾಗ, ರೇಡಿಯೋ ಚೆಕ್ ಅನ್ನು ಕೈ ರೇಡಿಯೋದಲ್ಲೇ ಮಾಡಿ. ಟವರ್ ನಿಮಗೆ ಒಂದರಿಂದ ಐದರವರೆಗೆ ಅಂಕ ಕೊಡುತ್ತದೆ. ಸೆಟ್ ತೊಡೆಯ ಮೇಲಿದ್ದಾಗ ಎಷ್ಟು, ಕಿಟಕಿಯಲ್ಲಿದ್ದಾಗ ಎಷ್ಟು, ಆಮೇಲೆ ಇಂಜಿನ್ ಶುರು ಮಾಡಿದಾಗ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಟವರ್‌ನವರ ತಲೆ ತಿನ್ನಬೇಡಿ, ಗದ್ದಲ ಇಲ್ಲದ ಹೊತ್ತು ನೋಡಿ. ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಹಾರುವಾಗ ಒಂದು ಪಾಠ ಇದಕ್ಕೇ ಕೇಳಿ. ಅವರು ಪ್ಯಾನೆಲ್‌ನ ವಾಲ್ಯೂಮ್ ಮಾತ್ರ ಇಳಿಸಲಿ, ಇಡೀ ವಿಮಾನದ ಕರೆಂಟ್ ತೆಗೆಯುವ ಮಾಸ್ಟರ್ ಸ್ವಿಚ್ ಮುಟ್ಟಬಾರದು. ನೀವು ಪಿನ್ ಬದಲಿಸಿ, ಚ್ಯಾನೆಲ್ ಹುಡುಕಿ, ಕರೆದು, ಉತ್ತರ ಪಡೆಯಿರಿ. ಮೊದಲ ಸಲ ವಿಮಾನದ ಮೂಗು ಮೇಲೆ ಕೆಳಗೆ ಹೋಗುತ್ತದೆ, ಎಲ್ಲರಿಗೂ ಆಗುತ್ತದೆ. ವಿಮಾನ ತಾನೇ ನೆಟ್ಟಗೆ ಹಾರುವಂತೆ ಟ್ರಿಮ್ ಮಾಡಿ ಕೈ ಬಿಟ್ಟ ಮೇಲೆ ಕೇಬಲ್ ಮುಟ್ಟಿದರೆ ಆ ಗೋಳಿಲ್ಲ.

ನಿಜವಾಗಿಯೂ ಕೈ ರೇಡಿಯೋದಲ್ಲಿ ಇಳಿದು ಬಂದ ದಿನ, ವಿಮಾನ ನಿಲ್ಲಿಸಿ ಮಾಸ್ಟರ್ ಆಫ್ ಮಾಡುವ ಮೊದಲು ವೋಲ್ಟ್ ಎಷ್ಟು ತೋರಿಸುತ್ತಿತ್ತು, ಯಾವ ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಹೊರಗೆ ಬಂದ ಬ್ರೇಕರನ್ನು ನೀವು ಒಳಗೆ ತಳ್ಳಬೇಡಿ, ಇಂಜಿನಿಯರ್ ಅದನ್ನು ಹಾಗೇ ನೋಡಬೇಕು. ವಿಮಾನದ ದೋಷಗಳನ್ನು ದಾಖಲಿಸುವ ಟೆಕ್ ಲಾಗ್‌ನಲ್ಲಿ ಬರೆಯಿರಿ. ಟವರ್‌ಗೆ ಫೋನ್ ಮಾಡಿ ನಮ್ಮ ಮಾತು ನಿಮಗೆ ಹೇಗೆ ಕೇಳಿಸಿತು ಅಂತ ವಿಚಾರಿಸಿ, ಅವರು ಬೇಜಾರಿಲ್ಲದೆ ಹೇಳುತ್ತಾರೆ. ಯಾವ ಜಾಗದಲ್ಲಿ ಮಾತು ಒಡೆಯಿತು ಅನ್ನುವುದು ಗೊತ್ತಾದರೆ ನಿಮ್ಮ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ.